ಗೋಡೆಯೊಳಗಿನ ಸಸ್ಯಕೋಶದಲ್ಲಿ ಆಕ್ಟಿನ್‌ಗೆ ಏನು ಕೆಲಸ? ಹತ್ತಿಯ ಎಳೆಯನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ

ವರದಾತೀರ (ಪ್ರಶ್ನೆ)

ಮಾನ್ಯರೆ,

ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಕೋಶದೊಳಗಿನ ಪ್ರೋಟೀನ್ ಚೌಕಟ್ಟಾದ ಕೋಶಪಂಜರದ ಪಾಠ ಬಂದಾಗಲೆಲ್ಲ, ಅದರ ತಂತುಗಳನ್ನು ಕಟ್ಟುವ ಆಕ್ಟಿನ್ ಎಂಬ ಪ್ರೋಟೀನಿನ ಬಗ್ಗೆ ನನಗೇ ಸಮಾಧಾನವಾಗುವಂತೆ ವಿವರಿಸಲು ಆಗುತ್ತಿಲ್ಲ. ಪಠ್ಯಪುಸ್ತಕಗಳಲ್ಲಿರುವ ಉದಾಹರಣೆಗಳೆಲ್ಲ ಪ್ರಾಣಿಗಳವು: ಸ್ನಾಯುವಿನ ಸಂಕೋಚನ, ಅಮೀಬಾದ ಮಿಥ್ಯಪಾದ, ತೆವಳುವ ಬಿಳಿ ರಕ್ತಕಣ. ಅಲ್ಲಿ ಆಕ್ಟಿನ್ ತಂತುಗಳು ತುದಿಯಲ್ಲಿ ಬೆಳೆಯುತ್ತ ಕೋಶಪೊರೆಯನ್ನು ಮುಂದಕ್ಕೆ ತಳ್ಳುತ್ತವೆ, ಇಲ್ಲವೇ ಮಯೋಸಿನ್ ಎಂಬ ಚಾಲಕ ಪ್ರೋಟೀನಿನ ಜೊತೆ ಸೇರಿ ಎಳೆಯುತ್ತವೆ ಎಂದರೆ ವಿದ್ಯಾರ್ಥಿಗಳಿಗೆ ತಕ್ಷಣ ಅರ್ಥವಾಗುತ್ತದೆ. ಸಸ್ಯಕೋಶವಾದರೋ ಕೋಶಭಿತ್ತಿಯೊಳಗೆ ಬಂದಿಯಾಗಿದೆ. ಅದು ತೆವಳುವುದಿಲ್ಲ, ಪಕ್ಕದ ಕೋಶದಿಂದ ಒಂದಿಷ್ಟೂ ಸರಿಯುವುದಿಲ್ಲ. ಹಾಗಿದ್ದೂ ಅರಾಬಿಡಾಪ್ಸಿಸ್‌ನಂಥ ಪುಟ್ಟ ಗಿಡದಲ್ಲಿ ಆಕ್ಟಿನ್‌ಗಾಗಿ 10 ಜೀನ್‌ಗಳಿವೆ, ಅವುಗಳಲ್ಲಿ 8 ಸಕ್ರಿಯವಾಗಿವೆ, ಕೆಲವು ಎಲೆ, ಬೇರು, ಕಾಂಡಗಳಲ್ಲೂ ಉಳಿದವು ಮುಖ್ಯವಾಗಿ ಪರಾಗ ಮತ್ತು ಅಂಡಕಗಳಲ್ಲೂ ಕೆಲಸ ಮಾಡುತ್ತವೆ ಎಂದು ಓದಿದ್ದೇನೆ. ಇಷ್ಟೊಂದು ಜೀನ್‌ಗಳನ್ನು ಗಿಡ ಸುಮ್ಮನೆ ಇಟ್ಟುಕೊಂಡಿರಲಾರದು.

ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹತ್ತಿ ಬೆಳೆಯುವ ಮನೆಗಳಿಂದ ಬರುತ್ತಾರೆ. ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಲ್ಲಿ ಸಂಜೆ ಮೊಗ್ಗಿನ ಕೇಸರ ಬಿಡಿಸಿ, ಮರುದಿನ ಬೆಳಿಗ್ಗೆ ಕೈಯಿಂದ ಪರಾಗ ತಾಗಿಸುವ ಕೆಲಸ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹತ್ತಿಯ ಒಂದೊಂದು ಎಳೆಯೂ ಬೀಜದ ಹೊರಪದರದ ಒಂದೇ ಒಂದು ಕೋಶ ಎಂದು ಹೇಳಿದಾಗ ಅವರು ನಂಬಲು ಹಿಂಜರಿಯುತ್ತಾರೆ. ಅದಕ್ಕೇ ಈ ಎಳೆಯನ್ನೇ ಉದಾಹರಣೆಯಾಗಿಟ್ಟು ಆಕ್ಟಿನ್ ಪಾಠ ಮಾಡಬೇಕೆಂಬ ಆಸೆ ನನಗಿದೆ. ಒಂದು ಕೋಶ 3 ಸೆಂಟಿಮೀಟರ್ ಉದ್ದಕ್ಕೆ ಬೆಳೆಯುವಾಗ ಆಕ್ಟಿನ್ ಅದನ್ನು ಒಳಗಿನಿಂದ ತಳ್ಳುತ್ತದೆಯೇ? ತಳ್ಳದಿದ್ದರೆ ಬೇರೇನು ಮಾಡುತ್ತದೆ, ಮತ್ತು ಅದಿಲ್ಲದೆ ಎಳೆ ಬೆಳೆಯುವುದೇ ಇಲ್ಲ ಎನ್ನಲು ಪುರಾವೆ ಇದೆಯೇ? ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೂ ಇಲ್ಲಿಡುತ್ತೇನೆ: ಆಕ್ಟಿನ್ ಹೆಚ್ಚಿಸಿದರೆ ಎಳೆಯ ಉದ್ದ ಹೆಚ್ಚುತ್ತದೆಯೇ?

ಕೋಶಕುತೂಹಲಿ (ಉತ್ತರ)

ನಾನು ಸಸ್ಯಕೋಶಗಳ ಬೆಳವಣಿಗೆಯ ಮೇಲೆಯೇ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಬೇಸರಿಸಬಾರದು.

ಆಕ್ಟಿನ್ ತಳ್ಳುವುದಿಲ್ಲ. ಬೆಳೆಯುತ್ತಿರುವ ಸಸ್ಯಕೋಶವನ್ನು ಹಿಗ್ಗಿಸುವುದು ಕೋಶದೊಳಗಿನ ನೀರಿನ ಚೀಲವಾದ ರಸದಾನಿಯೊಳಕ್ಕೆ ನುಗ್ಗುವ ನೀರು ಉಂಟುಮಾಡುವ ಒಳಒತ್ತಡ. ಇದು ಸಾಮಾನ್ಯವಾಗಿ 0.3ರಿಂದ 1 ಮೆಗಾಪಾಸ್ಕಲ್‌ವರೆಗೆ ಇರುತ್ತದೆ. ಕಾರಿನ ಟಯರಿಗೆ ನಾವು ತುಂಬಿಸುವ ಗಾಳಿಯ ಒತ್ತಡ ಸುಮಾರು 0.2 ಮೆಗಾಪಾಸ್ಕಲ್. ಇದನ್ನು ಮಕ್ಕಳಿಗೆ ಲೆಕ್ಕ ಮಾಡಿಯೇ ತೋರಿಸಬಹುದು. ಒಳಒತ್ತಡ 0.5 ಮೆಗಾಪಾಸ್ಕಲ್ ಎಂದು ಹಿಡಿದರೆ ಕೋಶಭಿತ್ತಿಯ ಒಂದು ಚದರ ಮೈಕ್ರೋಮೀಟರ್ ಮೇಲೆ ಬೀಳುವ ಬಲ 5 ಲಕ್ಷ ಪಿಕೋನ್ಯೂಟನ್ (ಒಂದು ಪಿಕೋನ್ಯೂಟನ್ ಎಂದರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲೊಂದು ಭಾಗ). ಬೆಳೆಯುತ್ತಿರುವ ಒಂದು ಆಕ್ಟಿನ್ ತಂತು ಹೊರಡಿಸಬಲ್ಲ ಬಲ ಕೆಲವೇ ಪಿಕೋನ್ಯೂಟನ್. ಧಾರಾಳವಾಗಿ 5 ಎಂದುಕೊಂಡರೂ ಅಷ್ಟು ಜಾಗದಲ್ಲಿ ಒಂದು ಲಕ್ಷ ತಂತುಗಳು ಒಟ್ಟಿಗೆ ತಳ್ಳಬೇಕಾಗುತ್ತದೆ. ತಂತುವಿನ ದಪ್ಪ ಸುಮಾರು 7 ನ್ಯಾನೋಮೀಟರ್ ಆದ್ದರಿಂದ, ಕೋಶದ್ರವ್ಯಕ್ಕೆ ಎಳ್ಳಷ್ಟೂ ಜಾಗ ಬಿಡದೆ ಒತ್ತೊತ್ತಾಗಿ ತುಂಬಿದರೂ ಅಲ್ಲಿ ಹಿಡಿಸುವುದು 20 ಸಾವಿರ ತಂತುಗಳಷ್ಟೇ. ನೀರು ಮಾಡುತ್ತಿರುವ ಈ ಕೆಲಸವನ್ನು ಆಕ್ಟಿನ್ ಎಷ್ಟೇ ಇದ್ದರೂ ಮಾಡಲಾರದು.

ಆದರೆ ನೀರಿನ ಒತ್ತಡಕ್ಕೆ ದಿಕ್ಕಿಲ್ಲ. ಅದು ಎಲ್ಲ ಕಡೆಗೂ ಸಮನಾಗಿ ಒತ್ತುತ್ತದೆ, ಹಾಗಾಗಿ ಒತ್ತಡವೊಂದನ್ನೇ ನಂಬಿದ ಕೋಶ ಗುಂಡಗಾಗಿ ಉಬ್ಬುತ್ತದೆಯೇ ಹೊರತು ಎಳೆಯಾಗುವುದಿಲ್ಲ. ಲಾಕ್‌ಹಾರ್ಟ್ 1965ರಲ್ಲಿ ಸೂತ್ರದ ರೂಪದಲ್ಲಿ ಹೇಳಿದಂತೆ, ಬೆಳವಣಿಗೆಯ ವೇಗವನ್ನು ತೀರ್ಮಾನಿಸುವುದು ಒತ್ತಡದ ಜೊತೆಗೆ ಕೋಶಭಿತ್ತಿ ಎಷ್ಟು ಮಣಿಯುತ್ತದೆ ಎಂಬ ಗುಣ. ಆಕಾರವೆಂದರೆ ಭಿತ್ತಿ ಎಲ್ಲಿ ಮಣಿಯಿತು, ಎಲ್ಲಿ ಮಣಿಯಲಿಲ್ಲ ಎಂಬುದರ ಲೆಕ್ಕವಷ್ಟೇ. ಆಕ್ಟಿನ್ ಈ ಕಥೆಯೊಳಗೆ ಬರುವುದು ಇಲ್ಲಿಂದ.

ಭಿತ್ತಿಯಲ್ಲಿ ಸ್ಥೂಲವಾಗಿ ಎರಡು ಬಗೆಯ ಸಾಮಗ್ರಿಗಳಿವೆ. ಸೆಲ್ಯುಲೋಸ್ ಎಳೆಗಳನ್ನು ಕೋಶಪೊರೆಯಲ್ಲೇ ಕುಳಿತಿರುವ ಕಿಣ್ವಗಳ ಗುಂಪುಗಳು ನೇಯುತ್ತವೆ. ಈ ಗುಂಪುಗಳು ಪೊರೆಯ ಕೆಳಗಿರುವ, ಕೋಶಪಂಜರದ ಇನ್ನೊಂದು ಭಾಗವಾದ ಸೂಕ್ಷ್ಮ ಪ್ರೋಟೀನ್ ಕೊಳವೆಗಳಾದ ಮೈಕ್ರೋಟ್ಯೂಬ್ಯೂಲ್‌ಗಳ ಜಾಡು ಹಿಡಿದು ನಿಮಿಷಕ್ಕೆ ಸುಮಾರು 0.3 ಮೈಕ್ರೋಮೀಟರ್ ವೇಗದಲ್ಲಿ ಸಾಗುವುದನ್ನು 2006ರಲ್ಲಿ ಪರೇಡೆಜ್, ಸಾಮರ್‌ವಿಲ್ ಮತ್ತು ಎರ್ಹಾರ್ಟ್ ಜೀವಂತ ಕೋಶದಲ್ಲಿಯೇ ತೋರಿಸಿದರು. ಸೆಲ್ಯುಲೋಸ್ ಎಳೆಗಳ ನಡುವೆ ತುಂಬಿರುವ ಪೆಕ್ಟಿನ್ ಮತ್ತು ಹೆಮಿಸೆಲ್ಯುಲೋಸ್‌ಗಳು ಮಾತ್ರ ಗಾಲ್ಗಿಕಾಯದಲ್ಲಿ ತಯಾರಾಗಿ, ಕೋಶಿಕೆಗಳೆಂಬ ಪುಟ್ಟ ಪೊರೆಚೀಲಗಳಲ್ಲಿ ತುಂಬಿಕೊಂಡು ಪೊರೆಯವರೆಗೆ ಬರಬೇಕು. ಸಸ್ಯಗಳಲ್ಲಿ ಗಾಲ್ಗಿಕಾಯಗಳೂ ಕೋಶಿಕೆಗಳೂ ಓಡಾಡುವುದು ಬಹುಮಟ್ಟಿಗೆ ಆಕ್ಟಿನ್ ಹಾದಿಗಳ ಮೇಲೆ, ಮಯೋಸಿನ್ ಎಳೆತದಿಂದ. ಸೆಲ್ಯುಲೋಸ್ ನೇಯುವ ಕಿಣ್ವದ ಗುಂಪು ಕೂಡ ಗಾಲ್ಗಿಯಿಂದಲೇ ಬರುವುದರಿಂದ ಅದೂ ಈ ಸಾಗಣೆಯನ್ನು ಆಶ್ರಯಿಸಿದೆ. ಆಕ್ಟಿನ್ ಕೆಟ್ಟ ಅರಾಬಿಡಾಪ್ಸಿಸ್ ಕೋಶಗಳಲ್ಲಿ ಈ ಗುಂಪುಗಳು ಪೊರೆಗೆ ತಲಪುವುದು ನಿಧಾನವಾಗಿ, ಪೊರೆಯ ಮೇಲೆ ಅವುಗಳ ಹಂಚಿಕೆಯೂ ಏರುಪೇರಾದುದನ್ನು 2013ರಲ್ಲಿ ಸಂಪತ್‌ಕುಮಾರ್ ಮತ್ತು ಸಂಗಡಿಗರು ವರದಿ ಮಾಡಿದರು. ಭಿತ್ತಿಯ ಹೊಸ ಸಾಮಗ್ರಿ ಎಲ್ಲಿ ಇಳಿಯಬೇಕು, ಎಷ್ಟು ಇಳಿಯಬೇಕು ಎಂಬುದು ಆಕ್ಟಿನ್ ಕೈಯಲ್ಲಿದೆ.

ಇದಕ್ಕೆ ನನಗೆ ಅತ್ಯಂತ ಮೆಚ್ಚುಗೆಯಾದ ಪುರಾವೆ ಹತ್ತಿಯದಲ್ಲ, ಅರಾಬಿಡಾಪ್ಸಿಸ್ ಎಲೆಯ ಮೇಲಿನ ರೋಮದ್ದು. ಆ ರೋಮವೂ ಒಂದೇ ಕೋಶ. ಎಲೆಯ ಮೇಲ್ಮೈಯಿಂದ ಒಂದು ಕಂಬದಂತೆ ಎದ್ದು, ಸಾಮಾನ್ಯವಾಗಿ ಮೂರು ಕವಲೊಡೆದು, ಚೂಪಾದ ತುದಿಗಳಲ್ಲಿ ಮುಗಿಯುತ್ತದೆ. ಮೈಕ್ರೋಟ್ಯೂಬ್ಯೂಲ್ ಕೆಡಿಸುವ ಔಷಧ ಕೊಟ್ಟರೆ ಕವಲೇ ಒಡೆಯದೆ ರೋಮ ಬಲೂನಿನಂತೆ ಊದುತ್ತದೆ. ಆಕ್ಟಿನ್ ಕೆಡಿಸುವ ಔಷಧ ಕೊಟ್ಟರೆ ಕವಲುಗಳು ಬಂದೇ ಬರುತ್ತವೆ, ಆದರೆ ಅನಂತರ ನೀಳವಾಗಿ ಬೆಳೆಯಬೇಕಾದ ಹಂತದಲ್ಲಿ ಸೊಟ್ಟಗಾಗಿ, ಕೆಲವು ಕಡೆ ಉಬ್ಬಿ, ಕೆಲವು ಕಡೆ ಮೊಟಕಾಗಿ ನಿಲ್ಲುತ್ತವೆ. ಔಷಧವಿಲ್ಲದೆಯೂ ಹುಟ್ಟಿನಿಂದಲೇ ಹೀಗೆ ಸೊಟ್ಟ ರೋಮ ಬಿಡುವ ರೂಪಾಂತರಿತ ಗಿಡಗಳಿವೆ. ವರ್ಮ್, ಡಿಸ್ಟಾರ್ಟೆಡ್, ಕ್ರೂಕೆಡ್, ನಾರ್ಲ್ಡ್ ಎಂದು ಅವುಗಳಿಗೆ ಹೆಸರು. 2003ರಿಂದೀಚೆಗೆ ಹಲವು ಪ್ರಯೋಗಾಲಯಗಳು ಆ ಜೀನ್‌ಗಳನ್ನು ಒಂದೊಂದಾಗಿ ಗುರುತಿಸಿದಾಗ, ಅವೆಲ್ಲವೂ ಒಂದೇ ವ್ಯವಸ್ಥೆಗೆ ಸೇರಿದವು ಎಂದು ತಿಳಿಯಿತು. ಕೆಲವು ಆರ್ಪ್2/3 ಎಂಬ ಏಳು ಪ್ರೋಟೀನ್‌ಗಳ ಸಂಕೀರ್ಣದ ಭಾಗಗಳು. ಉಳಿದವು ಆ ಸಂಕೀರ್ಣವನ್ನು ಎಚ್ಚರಿಸುವ ಪ್ರೋಟೀನ್‌ಗಳು. ಇರುವ ಆಕ್ಟಿನ್ ತಂತುವಿನ ಮಗ್ಗುಲಿಂದ ಹೊಸ ತಂತುವನ್ನು ಕವಲೊಡೆಸುವುದು ಆರ್ಪ್2/3ರ ಕೆಲಸ. ತೆವಳುವ ಪ್ರಾಣಿಕೋಶದಲ್ಲಿ ಪೊರೆಯನ್ನು ತಳ್ಳುವುದೂ ಇದೇ ಯಂತ್ರ. ಸಸ್ಯದಲ್ಲಿ ಅದೇ ಯಂತ್ರ ಬೇರೆ ಕೆಲಸಕ್ಕೆ ಹೊಂದಿಕೊಂಡಿದೆ: ಪರ್ಡ್ಯೂ ವಿಶ್ವವಿದ್ಯಾಲಯದ ಷಿಮಾನ್ಸ್ಕಿಯವರ ತಂಡ 2015ರಲ್ಲಿ ತೋರಿಸಿದಂತೆ, ಕವಲಿನ ತುತ್ತತುದಿಯಲ್ಲಿ ಮೈಕ್ರೋಟ್ಯೂಬ್ಯೂಲ್‌ಗಳಿಲ್ಲದ ಒಂದು ಸಣ್ಣ ಬಯಲು ಉಳಿಯುತ್ತದೆ, ಆರ್ಪ್2/3 ಅಲ್ಲಿ ಆಕ್ಟಿನ್ ಜಾಲ ಕಟ್ಟುತ್ತದೆ, ಆ ಜಾಲ ಕವಲಿನುದ್ದಕ್ಕೂ ಇರುವ ದಪ್ಪ ಆಕ್ಟಿನ್ ಕಟ್ಟುಗಳನ್ನು ಓರಣಗೊಳಿಸಿ, ತುದಿಯಿಂದ ಬುಡದವರೆಗೆ ಭಿತ್ತಿಯ ದಪ್ಪದಲ್ಲಿ ಕ್ರಮವಾದ ಏರಿಕೆ ಇರುವಂತೆ ನೋಡಿಕೊಳ್ಳುತ್ತದೆ.

ಇನ್ನೊಂದು ಸಂಗತಿ ಇಲ್ಲಿ ಹೇಳಲೇಬೇಕು. ಪ್ರಾಣಿಗಳಲ್ಲಿ ಆರ್ಪ್2/3 ಇಲ್ಲದಿದ್ದರೆ ಭ್ರೂಣವೇ ಉಳಿಯುವುದಿಲ್ಲ. ಅರಾಬಿಡಾಪ್ಸಿಸ್ ಮಾತ್ರ ಸೊಟ್ಟ ರೋಮಗಳನ್ನು ಹೊತ್ತುಕೊಂಡು ಹೂಬಿಟ್ಟು ಬೀಜ ಕಟ್ಟುತ್ತದೆ. ಗಿಡಕ್ಕೆ ಆಕ್ಟಿನ್ ಅಷ್ಟೇನೂ ಬೇಕಿಲ್ಲ ಎಂದು ಇದರಿಂದ ಅರ್ಥ ಮಾಡಬಾರದು. ತಂತುಗಳನ್ನು ಹುಟ್ಟಿಸಲು ಗಿಡಕ್ಕೆ ಫಾರ್ಮಿನ್ ಎಂಬ ಮತ್ತೊಂದು ಪ್ರೋಟೀನ್ ಕುಟುಂಬ ಇದೆ, ಅರಾಬಿಡಾಪ್ಸಿಸ್‌ನಲ್ಲಿ ಅದರ ಸದಸ್ಯರೇ 21. ಆಕ್ಟಿನ್ ಜೀನ್‌ಗಳಿಗೇ ಕೈಹಾಕಿ ಆಕ್ಟಿನ್-2 ಮತ್ತು ಆಕ್ಟಿನ್-7 ಎರಡನ್ನೂ ತೆಗೆದರೆ ಗಿಡ ಕುಬ್ಜವಾಗುತ್ತದೆ.

ಹತ್ತಿಗೆ ಬಂದರೆ ಎರಡು ನೇರ ಪುರಾವೆಗಳಿವೆ. 2005ರಲ್ಲಿ ಚೀನಾದ ಸಂಶೋಧಕರು ಎಳೆಯಲ್ಲಿ ಹೆಚ್ಚಾಗಿ ಕೆಲಸ ಮಾಡುವ ಒಂದು ಆಕ್ಟಿನ್ ಜೀನನ್ನು ಆರ್‌ಎನ್‌ಎ ತಂತ್ರದಿಂದ ತಗ್ಗಿಸಿದಾಗ ಎಳೆಗಳು ಹುಟ್ಟುವುದಕ್ಕೇನೂ ತೊಂದರೆಯಾಗಲಿಲ್ಲ, ಉದ್ದವಾಗುವುದು ಮಾತ್ರ ಕುಂಠಿತವಾಯಿತು. ಎರಡನೆಯದು ಇನ್ನೂ ಸ್ಪಷ್ಟ. ಲಿಗನ್ ಲಿಂಟ್‌ಲೆಸ್-1 ಎಂಬ ಹತ್ತಿಗಿಡವನ್ನು ಗ್ರಿಫಿ ಮತ್ತು ಲಿಗನ್ 1929ರಲ್ಲೇ ವಿವರಿಸಿದ್ದರು: ಗಿಡ ಕುಳ್ಳು, ಎಲೆ ಮತ್ತು ಕಾಂಡ ತಿರುಚಿಕೊಂಡಿರುತ್ತವೆ, ಬೀಜದ ಮೇಲೆ ಕೆಲವೇ ಮಿಲಿಮೀಟರ್ ಉದ್ದದ ಎಳೆ. ಇದಕ್ಕೆ ಕಾರಣವಾದ ದೋಷ ಯಾವುದೆಂದು ಗೊತ್ತಾದದ್ದು 2017ರಲ್ಲಿ. ಒಂದು ಆಕ್ಟಿನ್ ಪ್ರೋಟೀನಿನ 65ನೆಯ ಸ್ಥಾನದಲ್ಲಿ ಗ್ಲೈಸಿನ್ ಇರಬೇಕಾದಲ್ಲಿ ವ್ಯಾಲಿನ್ ಬಂದು ಕೂತಿದೆ, ಅಷ್ಟೆ. ಕೆಟ್ಟ ಪ್ರೋಟೀನು ಒಳ್ಳೆಯ ಆಕ್ಟಿನ್ ತಂತುಗಳ ಜೋಡಣೆಯನ್ನೂ ಹಾಳುಮಾಡುವುದರಿಂದ, ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ದೋಷ ಗಿಡದಲ್ಲಿ ಕಾಣಿಸಿಕೊಳ್ಳುತ್ತದೆ.

ಹತ್ತಿಯ ಎಳೆ ಬೇರುರೋಮದಂತೆ ತುದಿಯಲ್ಲಿ ಮಾತ್ರ ಬೆಳೆಯುತ್ತದೆಯೇ ಅಥವಾ ಮೈಯುದ್ದಕ್ಕೂ ಹಿಗ್ಗುತ್ತದೆಯೇ ಎಂಬ ಬಗ್ಗೆ ಒಮ್ಮತವಿಲ್ಲ. ಎಳೆಗೆ ಅಡ್ಡಲಾಗಿ ಸುತ್ತಿಕೊಂಡ ಮೈಕ್ರೋಟ್ಯೂಬ್ಯೂಲ್‌ಗಳು ಎರಡನೆಯದನ್ನು ಸೂಚಿಸುತ್ತವೆ, ಚೂಪಾಗುತ್ತ ಹೋಗುವ ತುದಿ ಮೊದಲನೆಯದರ ಕಡೆ ಕೈತೋರಿಸುತ್ತದೆ. ಎರಡೂ ಇರಬಹುದು ಎಂಬುದು ನನ್ನ ಒಲವು. ಆದರೆ ಆಕ್ಟಿನ್ ಮತ್ತು ಮೈಕ್ರೋಟ್ಯೂಬ್ಯೂಲ್‌ಗಳನ್ನು ಇಲ್ಲಿ ಬೇರೆಬೇರೆಯಾಗಿ ನೋಡಲಾಗದು. ಹತ್ತಿಯ ಎಳೆಯಲ್ಲಿ ಆಕ್ಟಿನ್ ಕೆಡಿಸಿದರೆ ಮೈಕ್ರೋಟ್ಯೂಬ್ಯೂಲ್‌ಗಳ ದಿಕ್ಕೂ ಬದಲಾಗುತ್ತದೆ ಎಂದು ಸೀಗಲ್ 1990ರಲ್ಲೇ ತೋರಿಸಿದ್ದಾರೆ.

ಎರೆಭೂಮಿ (ಉತ್ತರ)

ಹತ್ತಿ ತಳಿ ಅಭಿವೃದ್ಧಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು ನಾನು. ಮೇಲಿನ ಉತ್ತರ ತೂಕದ್ದಾಗಿದೆ. ಹೊಲದ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಎಳೆಯ ಬೆಳವಣಿಗೆಯನ್ನು ಮಕ್ಕಳಿಗೆ ತೋರಿಸಲು ಪ್ರಯೋಗಾಲಯ ಬೇಕಿಲ್ಲ, ಒಂದು ದಾರದ ಗುರುತು ಸಾಕು. ಹಿರ್ಸುಟಮ್ ಜಾತಿಯ ಹತ್ತಿಯ ಹೂವು ಅರಳಿದ ದಿನ ಕೆನೆಬಣ್ಣದಲ್ಲಿದ್ದು ಮರುದಿನ ಗುಲಾಬಿಗೆ ತಿರುಗುವುದರಿಂದ, ಕೆನೆಬಣ್ಣದ ಹೂವಿಗೆ ದಾರ ಕಟ್ಟಿದರೆ ಅದೇ ಸೊನ್ನೆಯ ದಿನ. ಅಂಡಕದ ಹೊರಪದರದ ನಾಲ್ಕರಲ್ಲಿ ಒಂದರಷ್ಟು ಕೋಶಗಳು ಆ ದಿನದ ಆಸುಪಾಸಿನಲ್ಲೇ ಉಬ್ಬಲು ಶುರುಮಾಡುತ್ತವೆ; ಪರಾಗನಳಿಕೆ ಅಂಡಕ ಮುಟ್ಟಿ ಗರ್ಭಾಂಕುರವಾಗುವುದನ್ನು ಅವು ಕಾಯುವುದಿಲ್ಲ. ಬೀಸ್ಲಿ ಮತ್ತು ಟಿಂಗ್ 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಗರ್ಭಧರಿಸದ ಅಂಡಕಗಳನ್ನೂ ಪೋಷಕ ದ್ರಾವಣದಲ್ಲಿಟ್ಟು ಆಕ್ಸಿನ್ ಮತ್ತು ಜಿಬ್ಬರೆಲ್ಲಿನ್ ಎಂಬ ಸಸ್ಯ ಹಾರ್ಮೋನುಗಳನ್ನು ಕೊಟ್ಟು ಎಳೆ ಬೆಳೆಸಿದ್ದರು. ಹತ್ತು ದಿನದ ಕಾಯಿಯನ್ನು ಬ್ಲೇಡಿನಿಂದ ಸೀಳಿದರೆ ಒಣ ಅರಳೆಯ ಹೋಲಿಕೆಯೇ ಇರುವುದಿಲ್ಲ: ಬೀಜಕ್ಕೆ ಅಂಟಿದ, ತೇವದಿಂದ ಮಿರುಗುವ, ಬಹುತೇಕ ಪಾರದರ್ಶಕವಾದ ಒಂದು ಮುದ್ದೆ. ಚಿಮಟದಿಂದ ಬಿಡಿಸಿ ನೀರಿನಲ್ಲಿ ಹರಡಿದಾಗಲೇ ಅದು ಎಳೆಎಳೆಯೆಂದು ಗೊತ್ತಾಗುವುದು. ಮೂರು ವಾರದ ಹೊತ್ತಿಗೆ ಉದ್ದವಾಗುವ ಕೆಲಸ ಬಹುಮಟ್ಟಿಗೆ ಮುಗಿದು, ಒಳಗಡೆ ಸೆಲ್ಯುಲೋಸ್ ಪದರದ ಮೇಲೆ ಪದರ ಕೂಡುವ ಹಂತ ಜೋರಾಗಿರುತ್ತದೆ.

ಒಳಒತ್ತಡದ ಬಗ್ಗೆ ಬರೆದದ್ದು ಹತ್ತಿಗೆ ಅಕ್ಷರಶಃ ಅನ್ವಯಿಸುತ್ತದೆ. ರುವಾನ್ ಮತ್ತು ಸಂಗಡಿಗರು 2001ರಲ್ಲಿ ಕಂಡುಕೊಂಡಂತೆ, ಎಳೆಯನ್ನು ಬೀಜದ ಉಳಿದ ಕೋಶಗಳೊಡನೆ ಜೋಡಿಸುವ ಸೂಕ್ಷ್ಮ ಕಿಂಡಿಗಳು ಹೂಬಿಟ್ಟ ಸುಮಾರು 10 ದಿನಕ್ಕೆ ಮುಚ್ಚಿ 16ನೆಯ ದಿನದ ಹೊತ್ತಿಗೆ ಮತ್ತೆ ತೆರೆಯುತ್ತವೆ. ಮುಚ್ಚಿದ ಅವಧಿಯಲ್ಲಿ ಪೊಟ್ಯಾಸಿಯಂ, ಸಕ್ಕರೆ, ಮ್ಯಾಲೇಟ್ ಎಲ್ಲ ಒಳಗೇ ಸಂಗ್ರಹವಾಗಿ ಒತ್ತಡ ಏರುತ್ತದೆ, ಎಳೆ ಭರದಿಂದ ಬೆಳೆಯುತ್ತದೆ. ಉದ್ದ ಎಳೆಯ ಬಾರ್ಬಡೆನ್ಸ್ ಹತ್ತಿಯಲ್ಲಿ ಈ ಕಿಂಡಿಗಳು ಹಿರ್ಸುಟಮ್‌ಗಿಂತ ಹೆಚ್ಚು ದಿನ ಮುಚ್ಚಿರುತ್ತವೆ. ಕಾಯಿ ಕಟ್ಟುವ ದಿನಗಳಲ್ಲಿ ನೀರಿನ ಕೊರತೆಯಾದರೆ ಅಥವಾ ಮಣ್ಣಿನಲ್ಲಿ ಪೊಟ್ಯಾಷ್ ಸಾಲದಿದ್ದರೆ ಎಳೆ ಗಿಡ್ಡವಾಗುತ್ತದೆ ಎಂಬ ಅನುಭವದ ಮಾತಿಗೆ ಹಿನ್ನೆಲೆ ಇದೇ. ಆಕ್ಟಿನ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ ನೀರಿಲ್ಲದ ಹೊಲದಲ್ಲಿ ಅದು ಮಾಡುವಂಥದ್ದೇನೂ ಇಲ್ಲ.

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಸಂಬಂಧಿಸಿದ ಎರಡು ಪ್ರಯೋಗಗಳಿವೆ. ಆಕ್ಟಿನ್ ತಂತುಗಳನ್ನು ತುಂಡರಿಸಿ ಬಿಚ್ಚುವ ಎಡಿಎಫ್ ಎಂಬ ಪ್ರೋಟೀನನ್ನು ಹತ್ತಿಯಲ್ಲಿ ತಗ್ಗಿಸಿದಾಗ ಎಳೆಯಲ್ಲಿ ಆಕ್ಟಿನ್ ತಂತುಗಳು ಹೆಚ್ಚಾದವು, ಎಳೆಯ ಉದ್ದವೂ ಗಟ್ಟಿತನವೂ ಸ್ವಲ್ಪ ಹೆಚ್ಚಿದವು ಎಂಬ ವರದಿ 2009ರಲ್ಲಿ ಬಂತು. ಮರುವರ್ಷ ಬಂದ ಇನ್ನೊಂದು ವರದಿಯಲ್ಲಿ, ಪ್ರೊಫಿಲಿನ್ ಎಂಬ ಮತ್ತೊಂದು ಆಕ್ಟಿನ್ ಸಂಗಾತಿಯನ್ನು ಹೆಚ್ಚಿಸಿದಾಗ ತಂತುಗಳು ದಪ್ಪ ಕಟ್ಟುಗಳಾದವು, ಆದರೆ ಎಳೆ ಬೇಗನೆ ಉದ್ದವಾಗುವುದನ್ನು ನಿಲ್ಲಿಸಿ ಸೆಲ್ಯುಲೋಸ್ ತುಂಬುವ ಹಂತಕ್ಕೆ ಹೊರಳಿ ಗಿಡ್ಡವಾಗಿಯೇ ಉಳಿಯಿತು.

ತಳಿವಿಜ್ಞಾನಿಯಾಗಿ ನನ್ನ ಅಭಿಪ್ರಾಯ ಕೇಳಿದರೆ, ಎಳೆಯ ಉದ್ದ ಅನೇಕ ಜೀನ್‌ಗಳು ಸೇರಿ ರೂಪಿಸುವ ಗುಣ. ಒಂದು ಪ್ರೋಟೀನಿನ ಹಿಂದೆ ಬಿದ್ದು ಅದನ್ನು ಹೆಚ್ಚಿಸಿದವರನ್ನು ನಾನು ಕಂಡಿಲ್ಲ. ಧಾರವಾಡದಲ್ಲಿ ಡಾ. ಬಿ. ಎಚ್. ಕತರ್ಕಿಯವರು ಹಿರ್ಸುಟಮ್ ಮತ್ತು ಬಾರ್ಬಡೆನ್ಸ್ ಜಾತಿಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹೊರತಂದಾಗ, ಅತಿ ಉದ್ದ ಎಳೆಗೆ ಬೇಕಾದ ಜೀನ್‌ಗಳೆಲ್ಲ ಒಟ್ಟಿಗೆ ಬಂದವು. ಅವುಗಳಲ್ಲಿ ಆಕ್ಟಿನ್‌ಗೆ ಸೇರಿದವು ಎಷ್ಟು, ಕಿಂಡಿಗೆ ಸೇರಿದವು ಎಷ್ಟು ಎಂದು ಆಗ ಯಾರೂ ಕೇಳಬೇಕಾಗಿರಲಿಲ್ಲ.

ವರದಾತೀರ

ಇಬ್ಬರಿಗೂ ಕೃತಜ್ಞತೆಗಳು. ಒಂದು ಚದರ ಮೈಕ್ರೋಮೀಟರಿನ ಲೆಕ್ಕವನ್ನು ಈ ವಾರವೇ ತರಗತಿಯಲ್ಲಿ ಮಾಡಿಸುತ್ತೇನೆ.

ಎರಡು ವಿಷಯ ಇನ್ನೂ ಬಗೆಹರಿಯಬೇಕಾಗಿದೆ. ತಂತುಗಳನ್ನು ತುಂಡರಿಸುವ ಪ್ರೋಟೀನ್ ಕಡಿಮೆಯಾದರೆ ಎಳೆ ಉದ್ದವಾಗುತ್ತದೆ, ಕಟ್ಟುಗಳು ಹೆಚ್ಚಾದರೆ ಗಿಡ್ಡವಾಗುತ್ತದೆ ಎಂಬ ಎರಡು ಮಾತುಗಳು ಒಂದಕ್ಕೊಂದು ಎದುರು ನಿಂತಂತೆ ಕಾಣುತ್ತವೆ. ಎರಡರಲ್ಲೂ ಹೆಚ್ಚಾದದ್ದು ಆಕ್ಟಿನ್ ತಂತುಗಳೇ ಅಲ್ಲವೇ? ಇನ್ನು, ನಮ್ಮ ಕಾಲೇಜಿನಲ್ಲಿರುವುದು ಸಾಮಾನ್ಯ ಸೂಕ್ಷ್ಮದರ್ಶಕ. ಆಕ್ಟಿನ್ ಕೆಲಸ ಮಾಡುವುದನ್ನು ಅದರಲ್ಲಿ ಯಾವುದಾದರೂ ರೀತಿಯಲ್ಲಿ ತೋರಿಸಲು ಸಾಧ್ಯವೇ, ಅಥವಾ ಅಂತರಜಾಲದ ಚಿತ್ರಗಳನ್ನೇ ನೆಚ್ಚಿಕೊಳ್ಳಬೇಕೇ?

ಕೆರೆಯಂಗಳ (ಉತ್ತರ)

ಸೂಕ್ಷ್ಮದರ್ಶಕದ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಪ್ರತಿವರ್ಷ ಪ್ರಾಯೋಗಿಕ ತರಗತಿಯಲ್ಲಿ ಮಾಡಿಸುವ ಕೆಲಸ ಇದು. ತಂತುಗಳು ಬೆಳಕಿನ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, ಆದರೆ ಅವುಗಳ ಮೇಲೆ ನಡೆಯುವ ಸಾಗಣೆ ಚೆನ್ನಾಗಿ ಕಾಣುತ್ತದೆ.

ಕೆರೆಯಿಂದ ಹೈಡ್ರಿಲ್ಲ ತನ್ನಿ. ಕುಡಿಯ ಹತ್ತಿರದ ಎಳೆಯ ಎಲೆಯೊಂದನ್ನು ಕೆರೆಯ ನೀರಿನಲ್ಲೇ ಸ್ಲೈಡಿನ ಮೇಲಿಟ್ಟು ಕವರ್‌ಸ್ಲಿಪ್ ಮುಚ್ಚಿ. ಎಲೆ ಎರಡೇ ಕೋಶಗಳಷ್ಟು ದಪ್ಪ ಇರುವುದರಿಂದ ಸೀಳುವ ಅಗತ್ಯವಿಲ್ಲ. ನಡುನರದ ಪಕ್ಕದ ಉದ್ದನೆಯ ಕೋಶಗಳ ಮೇಲೆ ನೋಟ ನಿಲ್ಲಿಸಿ, 40ರ ಮಸೂರಕ್ಕೆ ಬದಲಾಯಿಸಿ ಕಾಯಿರಿ. ಮೊದಮೊದಲು ಹಸಿರು ಕ್ಲೋರೋಪ್ಲಾಸ್ಟ್‌ಗಳು ಕದಲದೆ ನಿಂತಿರುತ್ತವೆ, ಮಕ್ಕಳು ಏನೂ ಇಲ್ಲವೆಂದು ಎದ್ದುಹೋಗುವುದು ಈ ಹಂತದಲ್ಲೇ. ದೀಪದ ಬೆಳಕು ಬಿದ್ದು ಕೆಲವು ನಿಮಿಷಗಳಾದ ಮೇಲೆ ಒಂದೆರಡು ಕದಲುತ್ತವೆ, ಆಮೇಲೆ ಕೋಶದ ಅಂಚಿನುದ್ದಕ್ಕೂ ಒಂದರ ಹಿಂದೊಂದು ಹೊರಟು, ಮೂಲೆಯಲ್ಲಿ ತಿರುಗಿ, ಎದುರು ಗೋಡೆಯ ಪಕ್ಕದಲ್ಲಿ ಹಿಂದಿರುಗುತ್ತವೆ. ಪಕ್ಕದ ಕೋಶದಲ್ಲಿ ಪ್ರದಕ್ಷಿಣೆ ಬೇರೆ ದಿಕ್ಕಿನಲ್ಲಿರಬಹುದು. ತಣ್ಣನೆಯ ನೀರು ಹಾಕಿದರೆ ವೇಗ ಇಳಿಯುವುದನ್ನೂ ತೋರಿಸಬಹುದು. ಕ್ಲೋರೋಪ್ಲಾಸ್ಟ್‌ಗಳು ತಾವಾಗಿ ಈಜುತ್ತಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು: ಭಿತ್ತಿಯ ಪಕ್ಕದಲ್ಲಿರುವ ಆಕ್ಟಿನ್ ಕಟ್ಟುಗಳ ಮೇಲೆ ಮಯೋಸಿನ್ ಹೆಜ್ಜೆ ಹಾಕುತ್ತ ಕೋಶಾಂಗಗಳನ್ನು ಎಳೆದೊಯ್ಯುತ್ತದೆ, ಕೋಶದ್ರವ್ಯ ಅದರೊಡನೆ ಹರಿಯುತ್ತದೆ.

ಗದ್ದೆ ಅಥವಾ ಕೆರೆಯ ಅಂಚಿನಲ್ಲಿ ಕಾರಾ ಪಾಚಿ ಸಿಕ್ಕರೆ ಇನ್ನೂ ಒಳ್ಳೆಯದು. ಕೋಶದ್ರವ್ಯದ ಹರಿವನ್ನು ಕೊರ್ಟಿ 1774ರಲ್ಲಿ ಮೊದಲು ಕಂಡದ್ದು ಅದರಲ್ಲೇ. ಅದರ ಉದ್ದನೆಯ ಕೋಶಗಳಲ್ಲಿ ಕ್ಲೋರೋಪ್ಲಾಸ್ಟ್‌ಗಳು ಭಿತ್ತಿಗಂಟಿ ಸಾಲಾಗಿ ನಿಂತಿರುತ್ತವೆ, ಹರಿಯುವುದು ಅವುಗಳ ಒಳಬದಿಯ ದ್ರವ್ಯ. ಇದರ ಸಂಬಂಧಿಯಾದ ನೈಟೆಲ್ಲಾದಲ್ಲಿ, ಚಾಲಕಬಲ ಹುಟ್ಟುವುದು ಸ್ಥಿರ ಪದರವೂ ಹರಿಯುವ ಪದರವೂ ಕೂಡುವ ಗಡಿಯಲ್ಲಿ ಎಂದು ಕಾಮಿಯಾ ಮತ್ತು ಕುರೋಡಾ 1956ರಲ್ಲಿ ತೋರಿಸಿದರು. ಆ ಗಡಿಯಲ್ಲಿರುವ ಎಳೆಗಳು ಆಕ್ಟಿನ್ ಎಂದು 1970ರ ದಶಕದಲ್ಲಿ ಖಚಿತವಾಯಿತು. ಕಾರಾದ ಮಯೋಸಿನ್‌ನಷ್ಟು ವೇಗದ ಮಯೋಸಿನ್ ಇನ್ನೆಲ್ಲಿಯೂ ಸಿಕ್ಕಿಲ್ಲ, ಹರಿವು ಸೆಕೆಂಡಿಗೆ 100 ಮೈಕ್ರೋಮೀಟರ್‌ವರೆಗೂ ಹೋಗುತ್ತದೆ.

ಬೆಳವಣಿಗೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಅರಾಬಿಡಾಪ್ಸಿಸ್‌ನಲ್ಲಿ 11ನೆಯ ವರ್ಗದ ಮಯೋಸಿನ್‌ಗಳು 13 ಇವೆ. ಅವುಗಳಲ್ಲಿ ಮೂರು ನಾಲ್ಕನ್ನು ಒಟ್ಟಿಗೆ ತೆಗೆದರೆ ಗಿಡ ಚಿಕ್ಕದಾಗುತ್ತದೆ. ಜಪಾನಿನ ತೋಮಿನಾಗಾ ಮತ್ತು ಸಂಗಡಿಗರು 2013ರಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಅರಾಬಿಡಾಪ್ಸಿಸ್ ಮಯೋಸಿನ್‌ನ ಎಂಜಿನ್ ಭಾಗವನ್ನು ತೆಗೆದು ಕಾರಾದ ವೇಗದ ಎಂಜಿನ್ ಜೋಡಿಸಿದಾಗ ಗಿಡ ದೊಡ್ಡದಾಯಿತು, ಮನುಷ್ಯನ ನಿಧಾನಗತಿಯ ಮಯೋಸಿನ್‌ನ ಎಂಜಿನ್ ಜೋಡಿಸಿದಾಗ ಚಿಕ್ಕದಾಯಿತು. ಸಾಗಣೆಯ ವೇಗವೇ ಬೆಳವಣಿಗೆಯ ವೇಗಕ್ಕೆ ಮೂಲ ಎಂದು ನಾನು ತರಗತಿಯಲ್ಲಿ ಹೇಳುವುದು ಈ ಆಧಾರದ ಮೇಲೆ.

ಕೋಶಕುತೂಹಲಿ

ಕೆರೆಯಂಗಳ ಅವರು ಹೇಳಿದ ಹೈಡ್ರಿಲ್ಲ ಪಾಠಕ್ಕೆ ತುಂಬ ಹೊಂದುತ್ತದೆ. ಅವರ ಕೊನೆಯ ವಾಕ್ಯಕ್ಕೆ ಮಾತ್ರ ಒಂದು ಮಿತಿ ಹಾಕಬೇಕೆನಿಸುತ್ತದೆ. ಲಿಲ್ಲಿಯ ಪರಾಗನಳಿಕೆಯ ಮೇಲೆ ಹೆಪ್ಲರ್ ಪ್ರಯೋಗಾಲಯ 2001ರಲ್ಲಿ ಪ್ರಕಟಿಸಿದ ಕೆಲಸವನ್ನು ನೋಡಿ. ಲ್ಯಾಟ್ರಂಕ್ಯುಲಿನ್ ಎಂಬ ವಿಷ ಕೆಂಪು ಸಮುದ್ರದ ಒಂದು ಸ್ಪಂಜಿನಿಂದ ಬರುತ್ತದೆ. ಅದು ಬಿಡಿ ಆಕ್ಟಿನ್ ಅಣುಗಳನ್ನು ಹಿಡಿದಿಟ್ಟುಕೊಂಡು ಹೊಸ ತಂತು ಕಟ್ಟದಂತೆ ಮಾಡುತ್ತದೆ. ಅದನ್ನು ಕೆಲವೇ ನ್ಯಾನೋಮೋಲಾರ್‌ನಷ್ಟು ಅತ್ಯಲ್ಪವಾಗಿ ಕೊಟ್ಟಾಗ ನಳಿಕೆಯ ಬೆಳವಣಿಗೆ ನಿಂತಿತು, ಕೋಶದ್ರವ್ಯದ ಹರಿವು ಮಾತ್ರ ಎಂದಿನಂತೆ ನಡೆದೇ ಇತ್ತು. ಹರಿವನ್ನು ನಿಲ್ಲಿಸಲು ಇನ್ನೂ ಹೆಚ್ಚು ವಿಷ ಬೇಕಾಯಿತು. ದಪ್ಪ ಕಟ್ಟುಗಳ ಮೇಲಿನ ಸಾಗಣೆ ಒಂದು ಕೆಲಸ, ತುದಿಯ ಹಿಂದೆಯೇ ಇರುವ ಸಣ್ಣ ತಂತುಗಳು ಕ್ಷಣಕ್ಷಣಕ್ಕೂ ಹುಟ್ಟಿ ಬಿಚ್ಚುವುದು ಇನ್ನೊಂದು ಕೆಲಸ. ಬೆಳವಣಿಗೆಗೆ ಎರಡೂ ಬೇಕು, ಮೊದಲು ಸೋಲುವುದು ಎರಡನೆಯದು. ನಿಮ್ಮ ಮಕ್ಕಳು ಬೆಳಿಗ್ಗೆ ಹತ್ತಿಯ ಹೂವಿಗೆ ತಾಗಿಸುವ ಪರಾಗ, ಶಲಾಕೆಯಲ್ಲಿ ನಳಿಕೆ ಬಿಟ್ಟು ಅಂಡಕ ಮುಟ್ಟಲು ಸುಮಾರು ಒಂದು ದಿನ ಹಿಡಿಯುತ್ತದೆ. ಅಷ್ಟು ಹೊತ್ತೂ ತುದಿಯಲ್ಲಿ ಇದೇ ನಡೆದಿರುತ್ತದೆ.

ವರದಾತೀರ ಅವರ ಮೊದಲ ಸಂದೇಹಕ್ಕೂ ಉತ್ತರ ಈ ಕಡೆಯೇ ಇದೆ. ಆಕ್ಟಿನ್ ತಂತುಗಳು ಎಷ್ಟಿವೆ ಎಂಬ ಒಂದೇ ಅಳತೆ ಸಾಲದು, ಅವು ಯಾವ ಸ್ಥಿತಿಯಲ್ಲಿವೆ ಎಂಬುದೂ ಬೇಕು. ಸ್ಟೈಗರ್ ತಂಡ 2009ರಲ್ಲಿ ಅರಾಬಿಡಾಪ್ಸಿಸ್‌ನ ಹೊರಪದರದ ಕೋಶಗಳಲ್ಲಿ ಒಂದೊಂದೇ ತಂತುವನ್ನು ಹಿಂಬಾಲಿಸಿ ನೋಡಿತು: ತಂತು ಸೆಕೆಂಡಿಗೆ ಸುಮಾರು 1.7 ಮೈಕ್ರೋಮೀಟರ್ ವೇಗದಲ್ಲಿ ಬೆಳೆಯುತ್ತದೆ, ಅರ್ಧ ನಿಮಿಷ ಕಳೆಯುವ ಮೊದಲೇ ತುಂಡುತುಂಡಾಗಿ ಮಾಯವಾಗುತ್ತದೆ. ಕಟ್ಟುಗಳಾಗಿ ಬಿಗಿದ ತಂತುಗಳು ಇಷ್ಟು ಬೇಗ ಬಿಚ್ಚುವುದಿಲ್ಲ. ಎಡಿಎಫ್ ತಗ್ಗಿದ ಹತ್ತಿಯಲ್ಲಿ ತುಂಡರಿಸುವ ಗತಿ ಸ್ವಲ್ಪ ಇಳಿದು ಹಾದಿಗಳು ಹೆಚ್ಚು ಹೊತ್ತು ಉಳಿದವು. ಪ್ರೊಫಿಲಿನ್ ಹೆಚ್ಚಿದ ಹತ್ತಿಯಲ್ಲಿ ತಂತುಗಳು ಕಟ್ಟುಗಳ ಸ್ಥಿತಿಗೇ ಹೋಗಿ, ಎಳೆ ಅದನ್ನು ಮುಂದಿನ ಹಂತ ಆರಂಭಿಸುವ ಸೂಚನೆಯಾಗಿ ತೆಗೆದುಕೊಂಡಿತು. ಎರಡು ಫಲಿತಾಂಶಗಳನ್ನು ಹೀಗೆ ಹೊಂದಿಸುವುದು ನನ್ನ ವ್ಯಾಖ್ಯಾನ. ಎರಡನ್ನೂ ಒಂದೇ ತಳಿಯಲ್ಲಿ, ಒಂದೇ ದಿನದ ಎಳೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಇದು ಸರಿಯೋ ತಪ್ಪೋ ತೀರ್ಮಾನವಾಗುತ್ತದೆ. ವಿದ್ಯಾರ್ಥಿನಿಗೆ ಹೇಳಬಹುದಾದದ್ದು ಇಷ್ಟು: ಆಕ್ಟಿನ್ ಹೆಚ್ಚಿಸುವುದರಿಂದ ಉದ್ದ ಹೆಚ್ಚುತ್ತದೆಂಬ ಖಾತರಿಯಿಲ್ಲ, ಯಾವ ದಿನ, ಯಾವ ರೂಪದಲ್ಲಿ ಹೆಚ್ಚಿತು ಎಂಬುದರ ಮೇಲೆ ಫಲಿತಾಂಶ ತಿರುಗಿಬೀಳಬಹುದು.

ಅಂತರಜಾಲದ ಚಿತ್ರಗಳ ಬಗ್ಗೆ ಕೇಳಿದಿರಿ. ಬಳಸಿ, ಆದರೆ ಆಕ್ಟಿನ್ ಕಾಣುವಂತೆ ಮಾಡುವ ಯಾವ ಗುರುತುಕಾರಕದಿಂದ ತೆಗೆದದ್ದು ಎಂದು ಚಿತ್ರದ ಕೆಳಗೆ ಓದಿಯೇ ಬಳಸಿ. ಫ್ಯಾಲಾಯ್ಡಿನ್ ಎಂಬುದು ಅಮಾನಿಟಾ ಅಣಬೆಯ ವಿಷ. ಅದು ತಂತುವಿಗೆ ಬಿಗಿಯಾಗಿ ಅಂಟಿ ತಂತು ಬಿಚ್ಚದಂತೆ ಹಿಡಿದಿಡುವುದರಿಂದ ಅದರ ಚಿತ್ರಗಳಲ್ಲಿ ಚಲನೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಜೀವಂತ ಕೋಶಕ್ಕೆ ಮೊದಲು ಬಳಕೆಗೆ ಬಂದ, ಟಾಲಿನ್ ಎಂಬ ಪ್ರೋಟೀನಿನಿಂದ ಮಾಡಿದ ಗುರುತು ಆಕ್ಟಿನ್ ಜೋಡಣೆಯನ್ನೂ ಕೋಶದ ಹಿಗ್ಗುವಿಕೆಯನ್ನೂ ಕೆಡಿಸುತ್ತದೆ, ಎಡಿಎಫ್ ಕೆಲಸಕ್ಕೆ ಅಡ್ಡಬರುತ್ತದೆ ಎಂದು 2004ರಲ್ಲಿ ತಿಳಿಯಿತು. 2008ರಲ್ಲಿ ಬಂದ ಲೈಫ್‌ಆಕ್ಟ್ ಯೀಸ್ಟಿನ ಒಂದು ಪ್ರೋಟೀನಿನಿಂದ ತೆಗೆದ 17 ಅಮೈನೋ ಆಮ್ಲಗಳ ತುಣುಕು, ಅದರ ಹಾವಳಿ ಕಡಿಮೆ, ಆದರೂ ಅತಿಯಾಗಿ ಉತ್ಪತ್ತಿಯಾದ ಕೋಶಗಳಲ್ಲಿ ಕಟ್ಟುಗಳು ಇರಬೇಕಾದ್ದಕ್ಕಿಂತ ದಪ್ಪ ಕಾಣಬಹುದು. ಅದಕ್ಕೆ ಪಕ್ಕದಲ್ಲಿ ಆಕ್ಟಿನ್‌ಗೆ ಅಂಟುವ ಫಿಂಬ್ರಿನ್ ಎಂಬ ಪ್ರೋಟೀನಿನ ತುಣುಕಿನ ಗುರುತಿನಿಂದ ತೆಗೆದ ಚಿತ್ರವನ್ನೂ ಇಟ್ಟು ತೋರಿಸಿ. ಎರಡರಲ್ಲೂ ಒಂದೇ ರೀತಿ ಕಾಣುವ ಜೋಡಣೆಯನ್ನು ಮಾತ್ರ ಪಾಠದಲ್ಲಿ ಆಧಾರವಾಗಿಟ್ಟುಕೊಳ್ಳಿ.